ಖಾಲಿ ಬೀಸುಕಲ್ಲು

ಕುಷ್ಟಗಿಯ ನಮ್ಮ ಓಣಿಯ ಕೊನೆಗೆ ಹಿಟ್ಟಿನ ಗಿರಣಿ ಬಂದದ್ದು ಎರಡನೆಯ ದೊಡ್ಡ ಲಡಾಯಿ ಶುರುವಾಗುವ ಒಂದೆರಡು ವರ್ಷ ಮೊದಲು. ಎಂಜಿನ್ನು ಟುಕುಟುಕು ಅನ್ನತೊಡಗಿದರೆ ನಮ್ಮ ಅಡುಗೆಮನೆಯ ನೆಲುವಿನ ಗಡಿಗೆಗಳೂ ನಡುಗುತ್ತಿದ್ದವು. ಲಂಗ ಉಡುವ ವಯಸ್ಸಿನ ನನಗೆ ಆ ಸದ್ದೆಂದರೆ ಹುಚ್ಚು. ಹಿಟ್ಟು ಬಿಸಿಬಿಸಿಯಾಗಿ ಇಳಿಯುವಾಗ ಕೈಯೊಡ್ಡಿ ನಿಲ್ಲುತ್ತಿದ್ದೆ. ಗಿರಣಿಯವನ ಹುಬ್ಬು, ಮೀಸೆ, ರೆಪ್ಪೆ ಎಲ್ಲ ಬೆಳ್ಳಗೆ. ಹರೆಯದಲ್ಲೇ ಮುದುಕನಾದ ಎಂದು ಹೆಂಗಸರು ಚುಡಾಯಿಸುತ್ತಿದ್ದರು. ಇನ್ನು ಮುಂದೆ ಹೆಣ್ಣುಮಕ್ಕಳು ಬೆಳಕು ಹರಿಯುವ ತನಕ ಮಲಗಬಹುದು ಎಂಬ ಮಾತೇ ಓಣಿಗೆ ಹಬ್ಬವಾಗಿತ್ತು.

ನಮ್ಮ ಮನೆಗೆ ಮಾತ್ರ ಆ ಹಬ್ಬ ಬರಲಿಲ್ಲ. ಗಿರಣಿ ಹಿಟ್ಟು ಸುಟ್ಟ ಹಿಟ್ಟು, ಅದರ ರೊಟ್ಟಿಗೆ ಜಿಗಿ ಇರುವುದಿಲ್ಲ ಎಂದಳು ಅಜ್ಜಿ, ಅಪ್ಪನ ತಾಯಿ. ನಸುಕಿನಲ್ಲಿ ಬೀಸುಕಲ್ಲಿನ ಸದ್ದು ಕೇಳದ ಮನೆಯ ಸೊಸೆ ಮೈಗಳ್ಳಿ ಎಂದು ಓಣಿ ಆಡಿಕೊಳ್ಳುತ್ತದೆಂಬುದು ಅವಳ ನಿಜವಾದ ಅಂಜಿಕೆ. ಅಪ್ಪ ತಾಯಿಯ ಮಾತು ದಾಟುವವನಲ್ಲ. ಬಾಯಿ ತೆರೆಯುವ ಮೊದಲೇ ಅವನ ಕೈ ಎದ್ದಿರುತ್ತಿತ್ತು. ಅವ್ವ ಆಗ ಬಸುರಿ. ಹಿಂದಿನ ವರ್ಷ ಬೀಸುತ್ತ ಕೂತಲ್ಲೇ ಅವಳ ಬಸುರು ಇಳಿದುಹೋಗಿತ್ತು. ರಕ್ತ ಕಲ್ಲಿನ ಸುತ್ತಲಿನ ಹಿಟ್ಟಿಗೆ ಹತ್ತಿತ್ತು. ಹಿಟ್ಟು ಹಾಳಾಯಿತೆಂದು ಬೈಸಿಕೊಂಡದ್ದೂ ಅವಳೇ. ಈ ಕೂಸನ್ನಾದರೂ ಉಳಿಸಿಕೊಳ್ಳಬೇಕು, ಅಷ್ಟೇ ಅವಳ ಹಟ.

ಅದಕ್ಕೊಂದು ಉಪಾಯ ಹೂಡಿದಳು. ಹೊಲಕ್ಕೆ ಒಯ್ಯುವ ಬುಟ್ಟಿಯಲ್ಲಿ ಜೋಳ ಮುಚ್ಚಿಕೊಂಡು ಹೋಗಿ ಗಿರಣಿಯಲ್ಲಿ ಬೀಸಿಸಿ ತರುವುದು. ನಸುಕಿನಲ್ಲೆದ್ದು ಖಾಲಿ ಕಲ್ಲನ್ನು ಮೆಲ್ಲಗೆ ತಿರುಗಿಸುವುದು. ಕಲ್ಲಿಗೆ ಕಲ್ಲು ಉಜ್ಜುವ ಕರಕರ ಮುಚ್ಚಿಹೋಗಲೆಂದು ಬೀಸುವ ಪದಗಳನ್ನು ಗಟ್ಟಿಯಾಗಿ ಹಾಡುತ್ತಿದ್ದಳು. ಕೆಲವು ವಾರ ಎಲ್ಲರೂ ಗಿರಣಿ ಹಿಟ್ಟಿನ ರೊಟ್ಟಿಯನ್ನೇ ತಿಂದೆವು. ರೊಟ್ಟಿ ಛಲೋ ಆಗಿದೆ ಎಂದು ಅಜ್ಜಿ ಹೊಗಳಿದ ದಿನ ನಾನು ನಗು ತಡೆಯಲಾರದೆ ಹಿತ್ತಲಿಗೆ ಓಡಿದ್ದೆ.

ಕೆಡಿಸಿದ್ದು ಆ ಹಾಡೇ. ನಿಜವಾಗಿ ಬೀಸುವವಳಿಗೆ ಏದುಸಿರು ಬರುತ್ತದೆ, ಪದ ನಡುನಡುವೆ ಕಡಿಯುತ್ತದೆ. ಅವ್ವ ಎಲ್ಲೂ ಕಡಿಯದೆ ಇಂಪಾಗಿ ಹಾಡುತ್ತಿದ್ದಳು. ಹಾಸಿಗೆಯಲ್ಲಿ ಕಿವಿಗೊಟ್ಟು ಮಲಗಿದ್ದ ಅಜ್ಜಿ ಒಂದು ದಿನ ಎದ್ದು ಬಂದು, ಕಲ್ಲಿನ ಸುತ್ತ ಬೆರಳಾಡಿಸಿ, ಹಿಟ್ಟು ಹತ್ತದ ಬೆರಳನ್ನು ಅಪ್ಪನಿಗೆ ತೋರಿಸಿದಳು.

ಅಪ್ಪ ಬೀಸುಕಲ್ಲಿನ ಗೂಟ ಕಿತ್ತುಕೊಂಡು ಅವ್ವನ ಬೆನ್ನಿಗೆ, ತೋಳಿಗೆ ಹೊಡೆದ. ಅವಳು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಮುದುಡಿದ್ದರಿಂದ ತಲೆ ಕಾಯಲು ಕೈ ಉಳಿಯಲಿಲ್ಲ. ತಲೆ ಒಡೆದು ರಕ್ತ ಕಣ್ಣಿಗಿಳಿಯಿತು. ನಾನು ಅಪ್ಪನ ಮೀನಖಂಡ ಕಚ್ಚಿದೆ. ಅವನು ಒದ್ದ ಏಟಿಗೆ ನನ್ನ ಮುಂದಿನ ಹಲ್ಲು ಹೋಯಿತು. ಅವನು ಸತ್ತು ಎಷ್ಟೋ ವರ್ಷವಾದರೂ ನನ್ನ ಸಿಟ್ಟು ಸತ್ತಿಲ್ಲ.

ಗೂಟ ಮುರಿದಾಗ ಅಪ್ಪ ನಿಂತ. ಅವ್ವ ಗೋಡೆ ಹಿಡಿದು ಎದ್ದು, ಮೂಲೆಯಲ್ಲಿದ್ದ ಕಬ್ಬಿಣದ ಹಾರೆ ಎತ್ತಿದಳು. ತನ್ನ ಮೇಲೇ ಬಂದಳೆಂದು ಅಪ್ಪ ಹಿಂದೆ ಸರಿದ. ಅವಳು ಏಟು ಹಾಕಿದ್ದು ಬೀಸುಕಲ್ಲಿಗೆ. ಕಿಡಿ ಹಾರಿದವು. ಮೇಲಿನ ಕಲ್ಲು ಎರಡು ಹೋಳಾಗುವ ತನಕ ಬಿಡಲಿಲ್ಲ.

"ಇನ್ನ ಯಾವ ಕಲ್ಲಾಗ ಬೀಸ್ಲಿ, ಹೇಳ್ರಿ" ಎಂದಳು.

ಅಪ್ಪ ಮತ್ತೆ ಕೈ ಎತ್ತಿದ. ಅಜ್ಜಿ ಹೋಗಿ ಆ ಕೈ ಹಿಡಿದಳು. ಅಡ್ಡ ಬಂದದ್ದು ಯಾಕೆಂದು ಕೇಳುವ ಧೈರ್ಯ ನಮಗಿರಲಿಲ್ಲ. ಮರುದಿನ ಜೋಳದ ಚೀಲ ಹೊತ್ತು ಗಿರಣಿಗೆ ಹೋದವನು ಅಪ್ಪನೇ, ಮುಖ ಗಂಟು ಹಾಕಿಕೊಂಡು.

ಕೂಸು ಉಳಿಯಿತು. ತಂಗಿ ಹುಟ್ಟಿದಳು. ಒಡೆದ ಕಲ್ಲಿನ ಒಂದು ಹೋಳನ್ನು ಅಜ್ಜಿ ಬಚ್ಚಲಿಗೆ ಹಾಕಿಸಿ, ಅದರ ಮೇಲೆ ಕೂತು, ಕಾಲು ಚಾಚಿ, ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕಿದಳು. ನೀರು ತೋಡಿಕೊಡುತ್ತಿದ್ದ ಅವ್ವನ ಹಣೆಯಲ್ಲಿ ಗಾಯದ ಗುರುತು ಇನ್ನೂ ಕೆಂಪಗಿತ್ತು. ಅಜ್ಜಿ ತಲೆ ಎತ್ತದೆ ಅಂದಳು:

"ಈ ಕಲ್ಲ ನನ್ನವೂ ಎರಡು ಕೂಸು ತಿಂದೈತಿ."

ಅವ್ವ ಇನ್ನೊಂದು ಚರಿಗೆ ಬಿಸಿನೀರು ತೋಡಿ ಅತ್ತೆಯ ಕೈಗೆ ಕೊಟ್ಟಳು.