ಭಾನುವಾರವನ್ನು ರಜೆ ಮಾಡಿದ ಸಾಲು

ನಮ್ಮ ಗಸ್ಸಾನನಿಗೆ ಮದುವೆಯೂ ಆಗಿಲ್ಲ, ಮಗನೂ ಇಲ್ಲ. ಆದರೂ ಆಫೀಸಿಗೆಲ್ಲ ಅವನು ಅಬೂ ಸೈಫ್, ಅಂದರೆ ಸೈಫನ ಅಪ್ಪ. ಹುಟ್ಟದ ಮಗನ ಹೆಸರಲ್ಲಿ ಮರ್ಯಾದೆ ಕೊಡುವುದು ನಮ್ಮಲ್ಲಿ ರೂಢಿ. ಅವನು ಸಲ್ತ್ ಊರಿನವನು, ನಲವತ್ತಾಗಿದೆ, ದೊಡ್ಡ ಗಂಟಲು. ಅಮ್ಮಾನಿನ ನಮ್ಮ ಕಂಪನಿ ಶಾಲಾ ಬಸ್ಸುಗಳು ಯಾವಾಗ ಹೊರಡಬೇಕೆಂದು ಹೇಳುವ ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತದೆ. ಅಲ್ಲಿ ಎಲ್ಲರಿಗೂ ಗಿಟ್ ಕಲಿಸಿದವನು ಅವನೇ. ಬರೆದದ್ದನ್ನು ಪರೀಕ್ಷಿಸಿ ತಪ್ಪು ಹುಡುಕುವುದು ನನ್ನ ಕೆಲಸ. ಹುಡುಗರಿಗೆಲ್ಲ ನಾನು ಖಾಲಾ, ಚಿಕ್ಕಮ್ಮ.

ಗಿಟ್ ಎಂದರೆ ಪ್ರೋಗ್ರಾಮಿನ ಚರಿತ್ರೆ ಕಾಯುವ ವ್ಯವಸ್ಥೆ. ಯಾರು, ಯಾವತ್ತು, ಯಾವ ಸಾಲು ಬದಲಿಸಿದರು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಒಂದೊಂದು ಬದಲಾವಣೆಯ ದಾಖಲೆಗೆ ಕಮಿಟ್ ಎಂದು ಹೆಸರು. ಆ ಚರಿತ್ರೆಯ ಪೂರ್ತಿ ಪ್ರತಿ ಕಂಪನಿಯ ಕೇಂದ್ರ ಕಂಪ್ಯೂಟರಿನಲ್ಲೂ ನಮ್ಮ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಕೂತಿರುತ್ತದೆ. ಹೊಸಬರು ಬಂದರೆ ಸಾಕು, ಅಬೂ ಸೈಫ್ ಸೇಜ್ ಎಲೆ ಹಾಕಿದ ಚಹಾ ಹಿಡಿದು ಪುರಾಣ ಶುರುಮಾಡುತ್ತಿದ್ದ.

“ಬೆಳಗ್ಗೆ ಬಂದ ಕೂಡ್ಲೇ ಮೊದ್ಲು ಪುಲ್ ಮಾಡಿ, ಬೇರೆಯವ್ರು ಏನ್ ಮಾಡಿದಾರೆ ಅಂತ ಇಳಿಸ್ಕೊಳ್ಳಿ. ಚಹಾ ಎಲ್ಲೂ ಓಡಿಹೋಗಲ್ಲ. ಒಂದು ಕಮಿಟ್‌ಗೆ ಒಂದೇ ಕೆಲಸ. ಮನ್ಸಫ್ ತಟ್ಟೇಲಿ ಅನ್ನ ಮಾಂಸ ಒಟ್ಟೋ ಥರ ಎಲ್ಲಾ ಒಟ್ಬೇಡ್ರಪ್ಪಾ! ‘ಸಣ್ಣ ರಿಪೇರಿ’ ಅಂತ ಬರೀಬೇಡಿ, ಯಾಕ್ ಮಾಡಿದ್ರಿ ಅದನ್ನ ಬರೀರಿ. ಹೊಸದೇನಾದ್ರೂ ಪ್ರಯೋಗ ಇದ್ರೆ ನಿಮ್ದೇ ಒಂದು ಕವಲು ಮಾಡ್ಕೊಂಡು ಅಲ್ಲಿ ಸಾಯಿರಿ. ಮತ್ತೆ, ನಾಲ್ಕು ಜನರ ಕೈ ಸೇರಿದ ಚರಿತ್ರೇನ ಅಳಿಸಿ ಬರೆಯೋಕೆ ಹೋಗ್ಬೇಡಿ. ತಪ್ಪಾಯ್ತಾ? ಅದರ ಮೇಲೆ ಇನ್ನೊಂದು ಕಮಿಟ್ ಹಾಕಿ ಸರಿಮಾಡಿ. ಕೇಂದ್ರದ ಪ್ರತಿ ಮೇಲೆ ನಿಮ್ದನ್ನ ಹೇರೋ ಬಲವಂತದ ಪುಶ್ ಮಾಡಿದ್ರೋ, ಕೈ ಮುರೀತೀನಿ!”

ಒಂದೊಂದೂ ಅಪ್ಪಟ ಸತ್ಯದ ಮಾತು. ಹೇಳುವವನು ತಾನೂ ಕೇಳಿಸಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಮಗೆ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಶಾಲೆ ಶುರು. ಚಳಿಗಾಲದ ಒಂದು ಭಾನುವಾರ ಬೆಳಗ್ಗೆ ಒಂದು ಬಸ್ಸೂ ಹೊರಡಲಿಲ್ಲ. ಮಕ್ಕಳು ಟೋಪಿ ಕೋಟು ಹಾಕಿಕೊಂಡು ಬೀದಿಯಲ್ಲಿ ನಡುಗುತ್ತ ನಿಂತಿದ್ದರು. ತಾಯಂದಿರ ಫೋನು ಒಂದರ ಮೇಲೊಂದು. ನೋಡಿದರೆ, ಯಾರೋ ಹೊರದೇಶದ ಮಾದರಿಯಿಂದ ನಕಲು ಮಾಡಿ ರಜೆ ಎಂದರೆ ಶನಿವಾರ, ಭಾನುವಾರ ಎಂದು ಒಂದು ಸಾಲು ಬರೆದಿದ್ದರು; ಶನಿವಾರ ರಾತ್ರಿ ಅದು ಜಾರಿಗೆ ಬಂದಿತ್ತು. ಆ ಸಾಲು ಬರೆದವರು ಯಾರೆಂದು ಅಬೂ ಸೈಫ್ ಗಿಟ್ಟನ್ನೇ ಕೇಳಿದ. ಬಂದ ಹೆಸರು ರುದೈನ.

ರುದೈನ ಮಾದಬಾ ಊರಿನ ಕ್ರೈಸ್ತರ ಹುಡುಗಿ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿರಲಿಲ್ಲ, ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿಸಿ ಹತ್ತಕ್ಕೆ ಬರಲು ಅವಳಿಗೆ ಅನುಮತಿಯಿತ್ತು. ಅವತ್ತೂ ಹಾಗೆಯೇ, ಏನೂ ಗೊತ್ತಿಲ್ಲದೆ, ನಮಗೆಲ್ಲ ಎಳ್ಳಿನ ಕಾಕ್ ರೊಟ್ಟಿ ಹಿಡಿದು ಒಳಗೆ ಬಂದಳು.

“ಬಾರಮ್ಮಾ ಬಾ,” ಎಂದು ಎದ್ದ ಅಬೂ ಸೈಫ್. ಕೋಣೆ ತುಂಬ ಜನ, ಮಾಲೀಕರೂ ಇದ್ದರು. “ನಿಂಗೆ ಚರ್ಚಿಗೆ ಹೋಗೋದಿದೆ ಅಂತ ಊರಿನ ಮಕ್ಕಳಿಗೆಲ್ಲ ರಜಾ ಕೊಟ್ಬಿಟ್ಟೆಯಾ?”

ಯಾರೋ ಕಿಸಕ್ಕೆಂದ. ರುದೈನಳ ಮುಖ ಬಿಳುಚಿತು.

“ಉಸ್ತಾದ್, ನಾನು ಅದನ್ನ ಬರೆದ ನೆನಪೇ ಇಲ್ಲ.”

“ಮನುಷ್ಯರು ಸುಳ್ಳು ಹೇಳ್ತಾರೆ, ಗಿಟ್ ಹೇಳಲ್ಲ!”

ಆಮೇಲೆ ನೋಡೋಣ, ಸದ್ಯ ಮನೆಗೆ ಹೋಗು ಎಂದರು ಮಾಲೀಕರು. ಅವಳು ರೊಟ್ಟಿಯ ಚೀಲವನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಅದನ್ನು ಯಾರೂ ಮುಟ್ಟಲಿಲ್ಲ.

ಮರುದಿನ ಬೆಳಗ್ಗೆ ಪುಲ್ ಮಾಡಿದೆ. ನನ್ನ ಯಂತ್ರ ತಕರಾರು ತೆಗೆಯಿತು. ನಿನ್ನಲ್ಲಿರುವ ಚರಿತ್ರೆಯೇ ಬೇರೆ, ಕೇಂದ್ರದಲ್ಲಿರುವ ಚರಿತ್ರೆಯೇ ಬೇರೆ ಎಂದಿತು. ಪಕ್ಕದ ಮೇಜಿನವನೂ “ಖಾಲಾ, ನಂದೂ ಒಪ್ತಿಲ್ಲ” ಎಂದ. ಇನ್ನೊಬ್ಬನದೂ ಅದೇ ಗೋಳು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಕೇಂದ್ರದ ಚರಿತ್ರೆಯಲ್ಲಿ ಒಂದೇ ಒಂದು ಕಮಿಟ್ ಮಾಯವಾಗಿತ್ತು. ಭಾನುವಾರದ ರಜೆಯ ಕಮಿಟ್. ಯಾರೋ ಬಲವಂತದ ಪುಶ್ ಮಾಡಿ ಅದನ್ನು ಒರೆಸಿದ್ದರು. ಆದರೆ ನಮ್ಮೆಲ್ಲರ ಯಂತ್ರಗಳಲ್ಲಿ ಅದು ಕಲ್ಲಿನ ಹಾಗೆ ಕೂತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ? ಕಮಿಟ್ ತೆಗೆದು ನೋಡಿದೆ. ಗುರುವಾರದ್ದು. ವಿವರಣೆಯ ಜಾಗದಲ್ಲಿ ಬರೆದಿದ್ದು “ಸಣ್ಣ ರಿಪೇರಿ”.

“ಗುರುವಾರ ರುದೈನ ರಜಾ ಹಾಕಿದ್ಲಲ್ಲ, ಅಣ್ಣನ ನಿಶ್ಚಿತಾರ್ಥಕ್ಕೆ? ಅವಳ ಕಂಪ್ಯೂಟರ್ ಮುಂದೆ ಯಾರು ಕೂತಿದ್ರು?” ಎಂದೆ. ಕೇಳುವಾಗಲೇ ನನಗೆ ನೆನಪಾಯಿತು. ಗುರುವಾರ ಅಬೂ ಸೈಫನ ಕಂಪ್ಯೂಟರ್ ಕೆಟ್ಟು ರಿಪೇರಿಗೆ ಹೋಗಿತ್ತು, ಅವನು ಅವಳ ಮೇಜಿನಲ್ಲಿ ಕೂತಿದ್ದ. ಯಂತ್ರ ಯಾರದೋ ಕಮಿಟ್ ಅವರ ಹೆಸರಿಗೆ ಬೀಳುತ್ತದೆ. ಬೇರೆಯವರ ಯಂತ್ರದಲ್ಲಿ ಕೂತರೆ ಮೊದಲು ಹೆಸರು ಬದಲಿಸಬೇಕು ಎಂಬ ಒಂದು ಬುದ್ಧಿಮಾತನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ.

ಎಲ್ಲರೂ ಅವನ ಕಡೆ ತಿರುಗಿದರು.

“ಅದು ನಾನೇ ಬರೆದಿದ್ದು ಅಂತ ನಿನ್ನೆ ಸಂಜೆ ಗೊತ್ತಾಯ್ತು ಖಾಲಾ,” ಎಂದ. “ನಾಚಿಕೆ ಆಯ್ತು. ಅಳಿಸಿಬಿಟ್ರೆ ಯಾರೂ ಮತ್ತೆ ಆ ಮಾತು ಎತ್ತಲ್ಲ ಅಂದ್ಕೊಂಡೆ.”

“ಥೂ, ನಿನ್ನ ನಾಚಿಕೆಗಿಷ್ಟು! ಅವಳ ಹೆಸರು ಕೆಟ್ಟದ್ದು ಹಾಗೇ ಇರ್ಲಿ, ನಿಂದು ಮಾತ್ರ ಉಳೀಲಿ ಅಂತ ತಾನೆ?”

ಸಂಜೆ ಮಾದಬಾಕ್ಕೆ ಹೋಗಬೇಕು, ಹಿರಿಯರು ಅಂತ ಜೊತೆಗೆ ಬನ್ನಿ ಎಂದು ನನ್ನನ್ನು ಬೇಡಿಕೊಂಡ. ಬೈದುಕೊಂಡೇ ಹೋದೆ.

ರುದೈನಳ ತಂದೆ ಅಬೂ ಇಸ್ಸಾ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದೊಯ್ದು ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟರು. ಗಸ್ಸಾನ್ ಬಟ್ಟಲನ್ನು ತುಟಿಗೆ ತಾಗಿಸದೆ ನೆಲದ ಮೇಲಿಟ್ಟ. ನಮ್ಮಲ್ಲಿ ಏನನ್ನಾದರೂ ಕೇಳಲು ಬಂದವನು ಕೇಳಿದ್ದು ಸಿಗುವವರೆಗೆ ಕಾಫಿ ಕುಡಿಯುವುದಿಲ್ಲ, ಕುಡಿ ಎಂದು ಮನೆಯವರು ಹೇಳಿದರೆ ಕ್ಷಮಿಸಿದಂತೆ. ಅವನು ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದ. ಮಾಲೀಕರಿಗೂ ಹೇಳಿಯಾಯಿತು, ಅವಳ ನೌಕರಿ ಖಾಯಂ ಆಯಿತು ಎಂದೂ ಹೇಳಿದ. ಮುದುಕರ ಕಣ್ಣು ತೇವವಾಯಿತು.

“ಆಯ್ತಪ್ಪ, ಮನುಷ್ಯ ಅಂದ್ಮೇಲೆ...” ಎಂದು ಅವರು ಬಟ್ಟಲಿನ ಕಡೆ ಕೈ ತೋರಿಸಬೇಕು, ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ರುದೈನ ತಡೆದಳು.

“ಬಾಬಾ, ಇರಿ. ಉಸ್ತಾದ್, ಸಾಲು ತಪ್ಪಾಗಿದ್ದು ಬಿಡಿ, ನಂಗೂ ಆಗುತ್ತೆ. ನನ್ನ ಚರ್ಚಿನ ಮಾತು ಆಡಿದ್ರಲ್ಲ, ಅದನ್ನ ಎಲ್ಲಿಂದ ಅಳಿಸ್ತೀರಿ? ಅದರ ಪ್ರತಿ ಅಲ್ಲಿ ಕೂತಿದ್ದ ಎಲ್ಲರ ಹತ್ರಾನೂ ಇದೆ. ಇಲ್ಲಿ ನಮ್ಮನೇಲಿ ಮೆತ್ತಗೆ ಕ್ಷಮೆ ಕೇಳಿದ್ರೆ ಅವರಿಗೆ ಕೇಳಿಸುತ್ತಾ?”

ಗಸ್ಸಾನ್ ಬಟ್ಟಲು ಮುಟ್ಟದೆ ಎದ್ದ. ಕಾಫಿ ಆರಿಹೋಯಿತು. ತಮ್ಮ ಮನೆಯಿಂದ ಅತಿಥಿ ಕುಡಿಯದೆ ಎದ್ದನೆಂದು ಅಬೂ ಇಸ್ಸಾ ಕೈ ಹಿಸುಕಿಕೊಂಡರು, ಆದರೂ ಮಗಳ ಮಾತು ಮೀರಲಿಲ್ಲ. ದಾರಿಯಲ್ಲಿ ನನಗೆ ಬೈಯುವ ಮನಸ್ಸಾಗಲಿಲ್ಲ.

ಮಂಗಳವಾರ ರುದೈನ ಬಂದು ತನ್ನ ಜಾಗದಲ್ಲಿ ಕೂತಳು. ಅಬೂ ಸೈಫ್ ಮಾಲೀಕರನ್ನೂ ಕರೆಸಿ, ಅವತ್ತು ಎದ್ದು ನಿಂತಿದ್ದ ಜಾಗದಲ್ಲೇ ನಿಂತ. ತಾನು ಏನು ಅಂದಿದ್ದನೋ ಅದನ್ನು ಅಕ್ಷರ ಬಿಡದೆ ಮತ್ತೆ ಹೇಳತೊಡಗಿದ. ಮೊದಲ ಸಲ ಒಂದೇ ಉಸಿರಿಗೆ ಎಸೆದ ಮಾತು ಈಗ ಚರ್ಚು ಎಂಬಲ್ಲಿಗೆ ಬಂದು ನಿಂತಿತು. ನೀರು ಕುಡಿದು ಮತ್ತೆ ಶುರುಮಾಡಿದ. ಅವತ್ತು ಕಿಸಕ್ಕೆಂದವನು ಎದ್ದು ಹೊರಗೆ ಹೋಗಲು ನೋಡಿದ.

“ಕೂತ್ಕೋ,” ಎಂದಳು ರುದೈನ. “ಇನ್ನೂ ಮುಗಿದಿಲ್ಲ.”