ಹೋಗುವುದಕ್ಕೆ ಕರ್ಮವಿಲ್ಲ

ಪ್ಯಾಸಿವ್ ವಾಯ್ಸ್ ಪಾಠ ಶುರುಮಾಡಿದರೆ ಮಕ್ಕಳಿಗೆ ಆಕಳಿಕೆ ಬರುತ್ತದೆ, ನನಗೆ ನಗು ಬರುತ್ತದೆ. ಬೋರ್ಡಿನ ಕಡೆ ಮುಖ ತಿರುಗಿಸಿ, ಸೀಮೆಸುಣ್ಣ ಹುಡುಕುವಂತೆ ನಟಿಸಿ, ನಗುವನ್ನು ನುಂಗಿಕೊಂಡು ಈ ಕಡೆ ತಿರುಗುತ್ತೇನೆ. ಕಾರಣವನ್ನು ಈವರೆಗೆ ಯಾವ ತರಗತಿಗೂ ಹೇಳಿಲ್ಲ. ನಿಮಗೆ ಹೇಳಬಹುದು. ಈ ಪಾಠದ ಒಂದು ಚಿಲ್ಲರೆ ನಿಯಮದಿಂದ ನನ್ನ ಮದುವೆ ತಪ್ಪಿಹೋಗುವುದರಲ್ಲಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಬಿ.ಎಡ್. ಮುಗಿಸಿ ದೇವದುರ್ಗದ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಆಗಷ್ಟೇ ಬಂದಿದ್ದೆ. ನಮ್ಮ ಮನೆ ಮಾನ್ವಿಯಲ್ಲಿ. ಅಪ್ಪ ಅಲ್ಲಿನ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಮಗಳು ಇಂಗ್ಲಿಷ್ ಕಲಿಸುತ್ತಾಳೆಂಬ ಸುದ್ದಿಯನ್ನು ಬೆನ್ನ ಮೇಲೆ ಮೂಟೆ ಇದ್ದಾಗಲೂ ಯಾರಿಗಾದರೂ ಹೇಳುತ್ತಲೇ ನಡೆಯುತ್ತಿದ್ದನಂತೆ.

ಕನ್ನಡದ ಮಕ್ಕಳಿಗೆ ಪ್ಯಾಸಿವ್ ಕಲಿಸುವುದೆಂದರೆ ಮೀನಿಗೆ ಛತ್ರಿ ಮಾರಿದಂತೆ. ನಮಗೆ ಅದರ ಅಗತ್ಯವೇ ಬೀಳುವುದಿಲ್ಲ. 'ಅವ್ವನಿಂದ ರೊಟ್ಟಿ ಬಡಿಯಲ್ಪಟ್ಟಿತು, ನನ್ನಿಂದ ತಿನ್ನಲ್ಪಟ್ಟಿತು' ಎಂದು ಮನೆಯಲ್ಲಿ ಯಾರಾದರೂ ಅಂದರೆ ಹಣೆ ಮುಟ್ಟಿ ಜ್ವರ ನೋಡುತ್ತಾರೆ. ವ್ಯಾಕರಣದವರು ಇದಕ್ಕೆ ಕರ್ಮಣಿ ಪ್ರಯೋಗವೆಂಬ ಗಂಭೀರ ಹೆಸರಿಟ್ಟು 'ಅಲ್ಪಡು' ಎಂಬ ಬಾಲವನ್ನೂ ಅಂಟಿಸಿದ್ದಾರೆ. ಆ ಬಾಲ ಸರ್ಕಾರಿ ಕಾಗದದಲ್ಲಿ ಮಾತ್ರ ಅಲ್ಲಾಡುತ್ತದೆ. ನಾನು ಎಲ್ಲ ಟೀಚರುಗಳಂತೆ ರಾಮನಿಂದ ರಾವಣನನ್ನು ಕೊಲ್ಲಿಸಿ, ಆಮೇಲೆ ವಾಕ್ಯ ಮಗುಚಿ ರಾವಣನನ್ನು ಮುಂದೆ ತಂದು ನಿಲ್ಲಿಸಿದೆ. ಗಬ್ಬೂರಿನಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು, "ರಾವಣ ಮುಂದ ಬಂದ್ನಲ್ರಿ ಟೀಚರ್, ಇನ್ನರ ಉಳೀತಾನೇನ್ರಿ?" ಎಂದು ಕೇಳಿದಳು. ಮುಂದೆ ಬಂದರೂ ಸಾಯುತ್ತಾನೆ ಎಂದು ಹೇಳುವಾಗ ನನಗೇ ಬೇಸರವಾಯಿತು.

ಆ ವಾರವೇ ನನ್ನನ್ನು ನೋಡಲು ಗಂಡಿನ ಕಡೆಯವರು ಮಾನ್ವಿಗೆ ಬಂದರು.

ಹುಡುಗನ ಹೆಸರು ಆನಂದ. ರಾಯಚೂರು ಸ್ಟೇಷನ್ನಿನಲ್ಲಿ ಟಿಕೀಟು ಕೊಡುವ ಕೆಲಸ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡಿದ್ದರಿಂದ ಸೋದರಮಾವ ಹನುಮಂತಪ್ಪನವರು ಅವರನ್ನು ಸಾಕಿ ಓದಿಸಿದ್ದರು. ಮಾವ ನಿವೃತ್ತ ಹೆಡ್‌ಮಾಸ್ತರು. ಇಸ್ತ್ರಿ ಮಾಡಿದ ಧೋತ್ರ, ಕೈಯಲ್ಲಿ ಛತ್ರಿ. ಅವರು ಹೂಂ ಅಂದರೆ ಮದುವೆ, ಊಹೂಂ ಅಂದರೆ ಇಲ್ಲ. ಅಪ್ಪನಿಗೆ ಈ ಸಂಬಂಧ ಎಷ್ಟು ಹಿಡಿಸಿತ್ತೆಂದರೆ ಬುದ್ಧನ ಫೋಟೊವನ್ನು ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ನನಗೂ ಬೇಡವೆನ್ನಿಸಿರಲಿಲ್ಲ. ಚಹದ ತಟ್ಟೆ ಹಿಡಿದು ಬರುವಾಗ ಓರೆಗಣ್ಣಿನಿಂದ ನೋಡಿದ್ದೆ. ಮಂಡಕ್ಕಿ ಸುಸಲಾದಲ್ಲಿನ ಮೆಣಸಿನಕಾಯಿಯನ್ನು ಆನಂದ ಬಹಳ ಶ್ರದ್ಧೆಯಿಂದ ಆರಿಸಿ ಪಕ್ಕಕ್ಕಿಡುತ್ತಿದ್ದರು.

ಬೇರೆ ಮನೆಗಳಲ್ಲಿ ಹಾಡು ಹೇಳಿಸುತ್ತಾರೆ. ಹನುಮಂತಪ್ಪನವರು ಗಂಟಲು ಸರಿಮಾಡಿಕೊಂಡು ವ್ಯಾಕರಣ ಕೇಳಿದರು. ಗೋಪಾಲ ಮಾವಿನಹಣ್ಣು ತಿಂದ. ನಾನು ಹಣ್ಣನ್ನು ಮುಂದಕ್ಕೆ ತಂದೆ. ಬೆಕ್ಕು ಇಲಿಯನ್ನು ಹಿಡಿಯಿತು, ಇಲಿಯನ್ನೂ ತಂದೆ. ಅವರ ಮುಖ ಅರಳಿತು, ಅಪ್ಪನದು ಅದಕ್ಕಿಂತ ಹೆಚ್ಚು. ಆಗ ಅವರು, "ಭೇಷ್. ಕಡೀ ಒಂದು ಹೇಳು ತಂಗಿ. ಹಿ ಗೋಸ್ ಟು ರಾಯಚೂರು," ಎಂದರು.

ಅವನು ರಾಯಚೂರಿಗೆ ಹೋಗುತ್ತಾನೆ. ನಾನು ತಟ್ಟೆ ಹಿಡಿದುಕೊಂಡೇ ನಿಂತೆ.

"ಇದಕ್ಕ ಪ್ಯಾಸಿವ್ ಆಗಂಗಿಲ್ರಿ ಸರ್."

"ಯಾಕ ಆಗಂಗಿಲ್ಲ?"

"ಹೋಗೋದಕ್ಕ ಕರ್ಮ ಇಲ್ರಿ."

ಅಪ್ಪ ಬಾಗಿಲ ಬಳಿಯಿಂದ ಗಾಬರಿಯಾಗಿ, "ಯವ್ವಾ, ಶುಭ ಕಾರ್ಯದಾಗ ಕರ್ಮ ಗಿರ್ಮ ಅನಬ್ಯಾಡ," ಎಂದ. ಅಕರ್ಮಕ ಕ್ರಿಯಾಪದದ ವಿಷಯ ಅವನಿಗೆ ಹೇಗೆ ತಿಳಿಸುವುದು? ಹನುಮಂತಪ್ಪನವರು ಕೈಯೆತ್ತಿ ಅವನನ್ನು ಸುಮ್ಮನಾಗಿಸಿ, ತರಗತಿಗೆ ಉತ್ತರ ಒಪ್ಪಿಸುವ ಧಾಟಿಯಲ್ಲಿ, "ರಾಯಚೂರು ಈಸ್ ಗಾನ್ ಬೈ ಹಿಮ್. ನಾ ಹಿಂಗೇ ಕಲಿಸೀನಿ," ಎಂದರು.

ಅಷ್ಟು ಹೊತ್ತು ತುಟಿ ಬಿಚ್ಚದ ಆನಂದ ಬಹಳ ಮೆಲ್ಲಗೆ ಕೇಳಿದರು: "ರಾಯಚೂರೇ ಹೋಗಿಬಿಟ್ರ ನನ್ನ ನೌಕರಿ ಗತಿ ಏನ್ರಿ ಮಾಮಾ?"

ನಾನು ನಕ್ಕೆ. ಸೆರಗಿನ ಹಿಂದಿನ ನಗುವಲ್ಲ, ಹಾಸ್ಟೆಲಿನಲ್ಲಿ ವಾರ್ಡನ್‌ರಿಂದ ಬೈಸಿಕೊಳ್ಳುತ್ತಿದ್ದ ನಗು. ಆನಂದರೂ ನಕ್ಕರು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರಿಗೆ ಶುರುವಾಗುತ್ತಿತ್ತು. ತಟ್ಟೆ ನಡುಗಿ ಒಂದು ಕಪ್ಪಿನ ಚಹವೆಲ್ಲ ನೇರವಾಗಿ ಇಸ್ತ್ರಿ ಧೋತ್ರದ ಮೇಲೆ ಇಳಿಯಿತು. ಹನುಮಂತಪ್ಪನವರು ಎದ್ದರು, ಛತ್ರಿ ತೆಗೆದುಕೊಂಡರು, "ಬಸ್ಸಿಗಿ ಹೊತ್ತಾತು," ಎಂದರು. ಹೂಂ ಇಲ್ಲ, ಊಹೂಂ ಕೂಡ ಇಲ್ಲ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕಪ್ಪುಗಳನ್ನು ಎತ್ತುತ್ತಾ, "ಆಗ್ತದ ಅಂದಿದ್ರ ಏನಾಗ್ತಿತ್ತವ್ವಾ?" ಎಂದು ಕೇಳಿದ.

"ತಪ್ಪಿದ್ದದ್ದು ಸರಿ ಅದ ಅಂತ ಹೆಂಗ ಹೇಳ್ಲಿ ಯಪ್ಪಾ?"

ಅವನು ಕಪ್ಪುಗಳನ್ನು ಕೆಳಗಿಟ್ಟು, "ಖರೇ, ಅದಕ್ಕೇ ಅಲ್ಲೇನು ನಿನಗ ಸಾಲಿ ಕಲಿಸಿದ್ದು," ಎಂದ. ಆದರೂ ಆ ಸಂಜೆ ಗಿರಣಿಯ ಕಡೆಗೆ ಹೋಗಲಿಲ್ಲ.

ದೇವದುರ್ಗಕ್ಕೆ ಮರಳಿ ಸಿರವಾರದ ಮೇಲೆ ಹಾದುಹೋಗುವ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನಗೆ ಒಮ್ಮೆ ಅಳು, ಒಮ್ಮೆ ನಗು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ತನ್ನ ಕೋಳಿಬುಟ್ಟಿಯನ್ನು ನನ್ನಿಂದ ದೂರಕ್ಕೆ ಸರಿಸಿಕೊಂಡಳು. ಜಗತ್ತಿನಲ್ಲಿ ವರದಕ್ಷಿಣೆಗೆ ಮುರಿದ ಮದುವೆಗಳಿವೆ, ಜಾತಕಕ್ಕೆ ಮುರಿದವಿವೆ. ಅಕರ್ಮಕ ಕ್ರಿಯಾಪದಕ್ಕೆ ಮುರಿದದ್ದು ನನ್ನದೊಂದೇ ಇರಬೇಕು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಪಾಠ ಮಾಡುತ್ತಿದ್ದಾಗ ವರಾಂಡದಲ್ಲಿ ಛತ್ರಿ ಕಂಡಿತು. ಹಿಂದೆಯೇ ಹನುಮಂತಪ್ಪನವರು. ನನ್ನ ಕೈಯ ಸೀಮೆಸುಣ್ಣ ಎರಡು ತುಂಡಾಯಿತು. ಹೊರಗೆ ಹೋಗಿ ನಮಸ್ಕಾರ ಮಾಡಿದೆ. ಅವರು ಕುಶಲ ಕೇಳಲಿಲ್ಲ. ಬಸ್ಸಿನ ಧೂಳನ್ನೂ ಒರೆಸಿಕೊಳ್ಳದೆ ಕೇಳಿದರು: "ನಗೋದಕ್ಕ ಕರ್ಮ ಅದನೋ ಇಲ್ಲೋ?"

"ಇಲ್ರಿ ಸರ್. ಅದೂ ಅಕರ್ಮಕ ರೀ."

"ಹಂಗಾರ ಐ ವಾಸ್ ಲಾಫ್ಡ್ ಅಟ್ ಅಂತ ಇಂಗ್ಲಿಷ್‌ನ್ಯಾಗ ಬರೀತಾರಲ್ಲ, ಅದು ಹೆಂಗ?"

ನಗುವುದಕ್ಕೆ ಕರ್ಮವಿಲ್ಲ, ನಿಜ. ಆದರೆ ಅದಕ್ಕೊಂದು 'ಅಟ್' ಅಂಟಿಸಿಕೊಂಡು ಇಂಗ್ಲಿಷರು ಪ್ಯಾಸಿವ್ ಮಾಡಿಯೇಬಿಡುತ್ತಾರೆ.

"ಆಗ್ತದ್ರಿ ಸರ್. ಇದು ಆಗ್ತದ."

"ಮತ್ತ? ನೀ ಹೇಳಿದ್ದೂ ಖರೇನ, ಹೋಗೋದಕ್ಕ ಆಗಂಗಿಲ್ಲ. ರಾಯಚೂರಾಗ ಇದ್ದಬದ್ದ ಪುಸ್ತಕೆಲ್ಲಾ ನೋಡೀನಿ. ಆದ್ರ ಇದಕ್ಕ ಆಗ್ತದ." ನಂತರ ಛತ್ರಿಯನ್ನು ನೆಲಕ್ಕೂರಿ ಪೂರ್ಣ ವಾಕ್ಯ ಒಪ್ಪಿಸಿದರು: "ಐ ವಾಸ್ ಲಾಫ್ಡ್ ಅಟ್ ಬೈ ಮೈ ನೆಫ್ಯೂ ಅಂಡ್ ಬೈ ಯೂ."

ಕ್ಷಮೆ ಕೇಳಲು ನಾನು ಕೈ ಜೋಡಿಸಿದೆ. ಅವರು ತಡೆದರು. "ಬ್ಯಾಡ ತಂಗಿ. ನಮ್ಮ ಮನ್ಯಾಗ ನಾ ಏನಂದ್ರೂ ಎಲ್ಲಾರೂ ಹೂಂ ಅಂತಾರ. ಆ ಹುಡುಗ ನನ್ನ ಎದುರಿಗಿ ನಕ್ಕಿದ್ದು ಅವತ್ತೇ ಮೊದಲು. ಬಸ್ಸಿನ್ಯಾಗ ಸಿಟ್ಟು ಬಂದಿತ್ತು. ಮನಿಗಿ ಹೋಗಿ ಧೋತ್ರ ತೋಯಸೋವಾಗ ನನಗೂ ನಗಿ ಬಂತು." ಆಮೇಲೆ ದನಿ ತಗ್ಗಿಸಿ, "ಅವತ್ತು ನಾವೆಲ್ಲಾ ನಿನ್ನ ನೋಡಿ ಬಂದ್ವಿ. ನೀ ನಮ್ಮ ಹುಡುಗನ್ನ ನೋಡಿದೇನು? ಅದನ್ನ ಕೇಳಾಕ ಬಂದೀನಿ," ಎಂದರು.

"ನೋಡೀನ್ರಿ," ಎಂದೆ. "ನಗುವಾಗ ಚೊಲೊ ಕಾಣ್ತಾರ."

ಅವರು ತಲೆಯಾಡಿಸಿ, ಇವತ್ತೇ ಮಾನ್ವಿಗೆ ಹೋಗಿ ಅಪ್ಪನಿಗೆ ಹೇಳುವುದಾಗಿ ತಿಳಿಸಿ, ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು. ಛತ್ರಿ ಬಿಚ್ಚುವುದನ್ನು ಮರೆತಿದ್ದರು.

ಒಳಗೆ ತರಗತಿ ಅನುಮಾನ ಬರುವಷ್ಟು ಶಾಂತವಾಗಿತ್ತು. ಕಿಟಕಿಗಳೆಲ್ಲ ತೆರೆದಿವೆ ಎಂಬುದು ಆಗ ನನ್ನ ಗಮನಕ್ಕೆ ಬಂತು. ಮರುದಿನ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಬೋರ್ಡಿನ ಮೇಲೆ ದುಂಡಗಿನ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ವಾಕ್ಯವಿತ್ತು: ದಿ ಬಾಯ್ ವಾಸ್ ಸೀನ್ ಬೈ ದಿ ಟೀಚರ್. ಒಂದೇ ಒಂದು ತಪ್ಪಿರಲಿಲ್ಲ. ಯಾರು ಬರೆದದ್ದು ಎಂದು ಗದರಿಸಿ ಕೇಳಿದೆ. ಇಡೀ ತರಗತಿ ಮುಗ್ಧವಾಗಿ ನನ್ನನ್ನೇ ನೋಡಿತು. ಯಾರೂ ಬರೆದಿರಲಿಲ್ಲ, ಬರೆಯಲ್ಪಟ್ಟಿತ್ತು ಅಷ್ಟೇ.