ಬಲಗಡೆಯ ಕೊಳಲು

ಡಿಸೆಂಬರಿನ ಎರಡನೆಯ ಶನಿವಾರ ಬೆಳಿಗ್ಗೆ ಕಡೂರಿನಲ್ಲಿ ಶಿವಮೊಗ್ಗದ ಪ್ಯಾಸೆಂಜರ್ ಗಾಡಿ ಹತ್ತಿದೆ. ಟಿಕೆಟ್ಟು ಹದಿನೈದು ರೂಪಾಯಿ, ದೂರ ಎಪ್ಪತ್ತು ಕಿಲೋಮೀಟರಿನಷ್ಟು. ಚಳಿ ಇತ್ತು. ಎದುರಿನ ಸೀಟಿನವರು ಶಾಲು ಹೊದ್ದು ಮಲಗಿಬಿಟ್ಟಿದ್ದರು. ಚೀಲದಲ್ಲಿ ಮಲ್ಟಿಮೀಟರ್, ನಾಲ್ಕು ಚಪಾತಿ, ಒಂದು ನೀರಿನ ಬಾಟಲಿ, ಬೆಂಕಿಪೊಟ್ಟಣದೊಳಗೆ ಸುಟ್ಟುಹೋದ ಎರಡು ಟ್ರಾನ್ಸಿಸ್ಟರ್ ಇದ್ದವು.

ಈ ಟ್ರಾನ್ಸಿಸ್ಟರುಗಳ ವಿಷಯ ಮೊದಲೇ ಹೇಳಬೇಕು. ನನ್ನ ಕೋಣೆಯಲ್ಲಿ ನಾನೇ ಬೆಸುಗೆ ಹಾಕಿ ಕಟ್ಟಿದ ಸ್ಟೀರಿಯೋ ಆಂಪ್ಲಿಫೈಯರ್ ಇದೆ. ಎಡಗಡೆಯ ಸ್ಪೀಕರಿಗೆ ಒಂದು ಜೋಡಿ, ಬಲಗಡೆಯದಕ್ಕೆ ಒಂದು ಜೋಡಿ ಪವರ್ ಟ್ರಾನ್ಸಿಸ್ಟರ್ ಬೇಕು. ಎಲೆಯ ಆಕಾರದ ಲೋಹದ ತಟ್ಟೆಯ ಮೇಲೆ ಸಣ್ಣ ಟೋಪಿ ಇಟ್ಟಂತೆ ಕಾಣುತ್ತವೆ. ನವರಾತ್ರಿ ಕಳೆದ ವಾರ ಕರೆಂಟು ಒಮ್ಮೆಲೇ ಏರಿ ಬಲಗಡೆಯ ಜೋಡಿ ಸುಟ್ಟಿತು; ಬೆಂಕಿಪೊಟ್ಟಣದಲ್ಲಿದ್ದದ್ದು ಅದೇ. ಊರಿನ ರಿಪೇರಿ ಅಂಗಡಿಯಿಂದ ತಂದು ಹಾಕಿದ ಹೊಸ ಜೋಡಿ ಒಂದು ಹಾಡು ಮುಗಿಯುವವರೆಗೂ ಬಾಳಲಿಲ್ಲ. ಅಂದಿನಿಂದ ಎಂಟು ವಾರ ಒಂದೇ ಕಡೆಯಿಂದ ಕೇಳಿದ್ದೆ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವವನಿಗೆ ಸಂಜೆ ಎಂದರೆ ಅದೇ. ಅದರಲ್ಲಿ ಅರ್ಧ ಹೋಗಿತ್ತು.

ಜೋಡಿ ಎಂದರೆ ಅಂಗಡಿಯವನು ಕೊಟ್ಟ ಯಾವುದೋ ಎರಡಲ್ಲ. ಒಂದು ಪೆಟ್ಟಿಗೆ ಕೊಂಡು, ಒಂದೊಂದನ್ನೂ ಮೀಟರಿಗೆ ಹಚ್ಚಿ, ಒಂದೇ ಗುಣದವನ್ನು ಆರಿಸಿ ಕೂಡಿಸುವುದು ನಮ್ಮ ಪದ್ಧತಿ. ಆರು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಪೂರ್ತಿ ಪೆಟ್ಟಿಗೆಗೆ ನನ್ನ ಬಳಿ ಹಣ ಸಾಲದೆ ನಿಂತಿದ್ದಾಗ ಪಕ್ಕದಲ್ಲಿದ್ದವರೊಬ್ಬರು, "ಅರ್ಧ ನಂದು, ಅರ್ಧ ನಿಂದು, ಬಾ" ಎಂದರು. ಅವರು ಭದ್ರಾವತಿಯ ರುದ್ರೇಶಣ್ಣ, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಕೌಂಟರಿನ ಮೇಲೇ ಮೀಟರ್ ಇಟ್ಟು ಇಬ್ಬರೂ ನಾಲ್ಕು ಜೋಡಿ ಆರಿಸಿದೆವು. ಎರಡು ಅವರಿಗೆ, ಎರಡು ನನಗೆ. ಆಮೇಲೆ ಒಂದೇ ಪಿಟೀಲು-ಕೊಳಲಿನ ಜುಗಲ್‌ಬಂದಿ ಕ್ಯಾಸೆಟ್ಟನ್ನು ಇಬ್ಬರೂ ಒಂದೊಂದು ಕೊಂಡು ಊರಿಗೆ ಹೋದೆವು.

ಮತ್ತೆ ಭೇಟಿಯಾಗಲಿಲ್ಲ. ಆದರೆ ತಿಂಗಳಿಗೊಂದು ಅಂಚೆ ಕಾರ್ಡು ತಪ್ಪಲಿಲ್ಲ. ಕಾರ್ಡಿನಲ್ಲಿ ಯೋಗಕ್ಷೇಮ ಕಡಿಮೆ. ಆ ಕ್ಯಾಸೆಟ್ ಕೇಳುವಾಗ ಪಿಟೀಲು ಎಡಗಡೆ ಎಲ್ಲಿ ಕೂತಿದೆ, ಕೊಳಲು ಬಲಗಡೆ ಎಲ್ಲಿ ನಿಂತಿದೆ, ಹೊಸ ಕೆಪಾಸಿಟರ್ ಹಾಕಿದ ಮೇಲೆ ಮೃದಂಗ ಎಷ್ಟು ಹಿಂದೆ ಸರಿಯಿತು, ಇಷ್ಟೇ.

ತರೀಕೆರೆ ದಾಟಿ ಗಾಡಿ ಭದ್ರಾವತಿಯಲ್ಲಿ ನಿಂತಿತು. ನಾನು ಇಳಿಯಲಿಲ್ಲ. ಮೊದಲು ಶಿವಮೊಗ್ಗದಲ್ಲಿ ಜೋಡಿ ಸಿಕ್ಕಿದರೆ ಹಿಂದಿರುಗುವಾಗ ರುದ್ರೇಶಣ್ಣನ ಮನೆಗೆ ಏನೂ ಕೇಳದೆ, ಸುಮ್ಮನೆ ನೋಡಲು ಬಂದವನಂತೆ ಹೋಗಬಹುದು ಎಂದು ಲೆಕ್ಕ ಹಾಕಿದ್ದೆ. ಆರು ವರ್ಷದ ಮೇಲೆ ಮೊದಲ ಸಲ ಬಾಗಿಲು ತಟ್ಟಿ, ನಿಮ್ಮ ಸೆಟ್ಟಿನ ಹೊಟ್ಟೆಯಿಂದ ತೆಗೆದುಕೊಡಿ ಎನ್ನಲು ಮನಸ್ಸು ಬರಲಿಲ್ಲ.

ಶಿವಮೊಗ್ಗದಲ್ಲಿ ಬಿಸಿಲು ಏರಿತ್ತು. ಗಾಂಧಿ ಬಜಾರಿನ ಬಟ್ಟೆ ಅಂಗಡಿಗಳ ಸಾಲಿನ ಹಿಂದೆ ಒಂದು ಹಳೆಯ ರೇಡಿಯೋ ಅಂಗಡಿ ಇದೆ ಎಂದು ರುದ್ರೇಶಣ್ಣನೇ ಹಿಂದೊಮ್ಮೆ ಬರೆದಿದ್ದರು. ಅಂಗಡಿ ಇತ್ತು. ಆದರೆ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಮೊಬೈಲ್ ಕವರುಗಳು, ರಿಮೋಟುಗಳು. ಯಜಮಾನರು ಏಣಿ ಹತ್ತಿ, ಅಟ್ಟದ ಡಬ್ಬದಿಂದ ಎರಡು ಟ್ರಾನ್ಸಿಸ್ಟರ್ ಹುಡುಕಿ ತಂದರು.

"ತಗೊಳಿ. ಅದೇ ನಂಬರು."

ಮೀಟರ್ ತೆಗೆದು ಗಾಜಿನ ಪೆಟ್ಟಿಗೆಯ ಮೇಲಿಟ್ಟು, ಅವನ್ನು ಕೈಯಲ್ಲಿ ಹಿಡಿದೆ. ಹಗುರ ಅನ್ನಿಸಿತು.

"ಅಸಲಿನಾ ಇದು?"

"ಮೇಲೆ ಬರೆದಿಲ್ವೇನ್ರೀ?"

"ಬರೆದಿದೆ. ಬರವಣಿಗೆ ಯಾರು ಬೇಕಾದ್ರೂ ಬರೀಬಹುದಲ್ಲ. ಸ್ವಲ್ಪ ತೂಕ ಮಾಡಿಸ್ಕೊಂಡು ಬರ್ತೀನಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ಮೀಟರ್ ಇಲ್ಲಿ ಬಿಟ್ಟು ಹೋಗಿ" ಎಂದರು.

ಅಸಲಿ ಟ್ರಾನ್ಸಿಸ್ಟರಿಗೆ ತಳದ ತಟ್ಟೆ ದಪ್ಪ, ಆದ್ದರಿಂದ ಭಾರ. ನಕಲಿಯವರು ಉಳಿಸುವುದು ಅಲ್ಲೇ. ಅಷ್ಟು ಸಣ್ಣ ತೂಕಕ್ಕೆ ತಕ್ಕಡಿ ಎಲ್ಲಿ ಎಂದು ನೋಡಿದರೆ ಎದುರು ಸಾಲಿನಲ್ಲಿ ಚಿನ್ನಬೆಳ್ಳಿ ಅಂಗಡಿ. ಅಲ್ಲಿದ್ದವರು ವಯಸ್ಸಾದವರು. ನನ್ನ ಸುಟ್ಟದ್ದನ್ನೂ ಹೊಸದನ್ನೂ ಮೇಜಿನ ಮೇಲಿಟ್ಟೆ.

"ಇದ್ಯಾವ ಊರಿನ ಒಡವೆ ಮಾರಾಯ್ರೇ?"

"ಒಡವೆ ಅಲ್ಲ, ಆಂಪ್ಲಿಫೈಯರಿಗೆ ಹಾಕೋದು. ಜೋಡಿ ಹುಡುಕ್ತಾ ಇದೀನಿ."

"ಇದಕ್ಕೋ, ನಿಮಗೋ?"

ಅಂಗಡಿಯಲ್ಲಿದ್ದ ಇಬ್ಬರು ಹೆಂಗಸರು ಬಳೆ ನೋಡುವುದು ಬಿಟ್ಟು ನಕ್ಕರು. ಅಂಗಡಿಯವರು ಮಾತ್ರ ಬಹಳ ಶ್ರದ್ಧೆಯಿಂದ ತೂಗಿದರು. ಹಳೆಯದು ಹದಿಮೂರು ಗ್ರಾಂ ಚಿಲ್ಲರೆ. ಹೊಸದು ಒಂಬತ್ತೂ ಇಲ್ಲ. "ಸುಟ್ಟಿರೋದೇ ಒಳ್ಳೇ ಮಾಲು" ಎಂದು ತೀರ್ಪು ಕೊಟ್ಟು, ತೂಗಿದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ.

ರೇಡಿಯೋ ಅಂಗಡಿಗೆ ವಾಪಸು ಬಂದಾಗ ಯಜಮಾನರು ನನ್ನ ಮೀಟರಿನಲ್ಲಿ ಗೋಡೆ ಗಡಿಯಾರದ ಸೆಲ್ ಪರೀಕ್ಷಿಸುತ್ತಿದ್ದರು. ತೂಕ ಹೇಳಿದೆ.

"ತೂಕದ ಮೇಲೆ ಮಾರೋ ಹಾಗಿದ್ರೆ ಪಾತ್ರೆ ಅಂಗಡಿ ಇಡ್ತಿದ್ದೆ ನಾನು" ಎಂದರು. ಆಮೇಲೆ ಮೀಟರನ್ನು ಒರೆಸಿ ಕೊಡುತ್ತಾ, "ಅಸಲಿ ಮಾಲು ಬರೋದು ನಿಂತು ಬಹಳ ದಿನ ಆಯ್ತು. ನಿಮ್ಮ ಹಾಗೆ ಕಟ್ಟೋರು ಮೊದ್ಲು ಭಾನುವಾರ ಬಂದ್ರೆ ಇಲ್ಲೇ ಬೆಂಚ್ ಮೇಲೆ ಕೂತು ಮಧ್ಯಾಹ್ನದ ತನಕ ಜಗಳ ಆಡೋರು. ಈ ವರ್ಷ ಇದನ್ನ ಕೇಳಿದ ಗಿರಾಕಿ ನೀವೊಬ್ರೇ" ಎಂದರು. ಬೆಂಚು ಇನ್ನೂ ಇತ್ತು. ಅದರ ಮೇಲೆ ಖಾಲಿ ರಟ್ಟಿನ ಪೆಟ್ಟಿಗೆಗಳಿದ್ದವು.

ಸವಳಂಗ ರಸ್ತೆಯಲ್ಲಿ ಹೊಸ ಶೋರೂಮಿದೆ, ಕೇಳಿ ನೋಡಿ ಎಂದರು. ನಡೆದೇ ಹೋದೆ. ಒಳಗೆ ತಂಪಾಗಿತ್ತು. ಟೈ ಕಟ್ಟಿದವನೊಬ್ಬ ಐದು ಪುಟ್ಟ ಸ್ಪೀಕರುಗಳ ಹೋಮ್ ಥಿಯೇಟರ್ ತೋರಿಸಿದ. ಬೆಲೆ ನನ್ನ ಟ್ರಾನ್ಸ್‌ಫಾರ್ಮರ್ ಮತ್ತು ಕ್ಯಾಬಿನೆಟ್ಟಿಗೆ ಬಿದ್ದಷ್ಟೂ ಇರಲಿಲ್ಲ.

"ಬಿಡಿಭಾಗ ಇಲ್ಲ ಸರ್. ಕೆಟ್ಟರೆ ಪೂರ್ತಿ ಬೋರ್ಡೇ ಬದಲಾಯಿಸಿ ಕೊಡ್ತೀವಿ."

"ರಿಪೇರಿ?"

"ಯಾಕೆ ಸರ್ ರಿಪೇರಿ?"

ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ. ನನಗಾಗಿ ಒಂದು ಡಿಸ್ಕ್ ಹಾಕಿ, ಇನ್ನೊಬ್ಬ ಗಿರಾಕಿಯ ಕಡೆ ಹೋದ. ಹಿಂದಿನಿಂದ, ಮುಂದಿನಿಂದ, ಪಕ್ಕದಿಂದ ಹೆಲಿಕಾಪ್ಟರ್ ಹಾರಿತು. ಶಬ್ದ ಚೆನ್ನಾಗಿತ್ತು. ಕೇಳಲು ಕುಳಿತುಕೊಳ್ಳುವ ಒಂದು ಕುರ್ಚಿ ಅಲ್ಲಿರಲಿಲ್ಲ. ನಿಂತೇ ಸ್ವಲ್ಪ ಹೊತ್ತು ಕೇಳಿ, ಯಾರಿಗೂ ಹೇಳದೆ ಹೊರಬಂದೆ. ಬಸ್ ನಿಲ್ದಾಣದಲ್ಲಿ ಚಪಾತಿ ತಿಂದೆ. ಭದ್ರಾವತಿ ಬಸ್ಸಿಗೆ ಎಂಟು ರೂಪಾಯಿ.

ಜನ್ನಾಪುರದಲ್ಲಿ ಇಳಿದು ವಿಳಾಸ ಕೇಳಿದೆ. ಸೈಕಲ್ಲಿಗೆ ಗಾಳಿ ತುಂಬುತ್ತಿದ್ದವನು, "ಪಾಟ್ಟು ಪೆಟ್ಟಿ ರುದ್ರೇಶಾ? ಆ ಹಸಿರು ಗೇಟು" ಎಂದ. ಪಾಟ್ಟು ಎಂದರೆ ತಮಿಳಿನಲ್ಲಿ ಹಾಡು. ಬೀದಿಗೆಲ್ಲ ಅವರು ಹಾಡಿನ ಪೆಟ್ಟಿಗೆಯವರು.

ಬಾಗಿಲು ತೆರೆದವರು ಅವರ ಹೆಂಡತಿ ಶಾಂತಕ್ಕ. ಹೆಸರು ಹೇಳಿದ ಕೂಡಲೇ, "ಅಯ್ಯೋ, ಕಡೂರಿನ ಮಂಜುನಾಥ! ನಿಮ್ಮ ಕಾರ್ಡ್ ಬಂದ ದಿನ ಇವರಿಗೆ ಊಟ ಬೇಡ. ನಾನು ಮದ್ವೆಗೆ ಮುಂಚೆ ಬರೆದ ಕಾಗದನೂ ಇಷ್ಟು ಸಲ ಓದಿಲ್ಲ ಮಾರಾಯ!" ಎಂದು ಒಳಗೆ ಕರೆದರು.

ರುದ್ರೇಶಣ್ಣ ಮುಂಗೋಣೆಯಲ್ಲಿದ್ದರು. ತಲೆಗೂದಲು ಬೆಳ್ಳಗಾಗಿತ್ತು. ಎರಡೂ ಕೈಯಿಂದ ನನ್ನ ಭುಜ ಹಿಡಿದು ಅಲುಗಾಡಿಸಿ, ತಮ್ಮ ಎಡಗಡೆಯ ಸ್ಟೂಲಿನ ಮೇಲೆ ಕೂರಿಸಿದರು. ಕೋಣೆ ನಾನು ಕಾರ್ಡುಗಳಿಂದ ಊಹಿಸಿದ್ದ ಹಾಗೇ ಇತ್ತು. ಕಿಟಕಿಯ ಎರಡೂ ಪಕ್ಕ ಸ್ಪೀಕರು, ನಡುವೆ ಆಂಪ್ಲಿಫೈಯರು. ನೆಲದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಾಲ್ಕು ಚುಕ್ಕೆ. ಕುರ್ಚಿಯ ಕಾಲುಗಳು ಅಲ್ಲಿ ಇರಬೇಕು. ಎರಡು ಸ್ಪೀಕರಿಗೂ ಸರಿಸಮ ದೂರದ ಆ ಒಂದೇ ಜಾಗದಲ್ಲಿ ಕೂತರೆ ಮಾತ್ರ ವಾದ್ಯಗಳು ತಮ್ಮ ತಮ್ಮ ಜಾಗದಲ್ಲಿ ಕಾಣಿಸುತ್ತವೆ. ನನ್ನ ಕೋಣೆಯಲ್ಲೂ ಅಂಥ ನಾಲ್ಕು ಚುಕ್ಕೆಗಳಿವೆ.

ಆದರೆ ಕುರ್ಚಿ ಅಲ್ಲಿರಲಿಲ್ಲ. ಗೋಡೆಯ ಪಕ್ಕ, ಸ್ಪೀಕರುಗಳಿಗೆ ಅಡ್ಡಲಾಗಿ ತಿರುಗಿಸಿ ಇಟ್ಟಿತ್ತು.

ಅವರು ಅತ್ತ ತಿರುಗಿ ಕ್ಯಾಸೆಟ್ ಹುಡುಕುತ್ತಿದ್ದರು. "ಕುರ್ಚಿ ಯಾಕಣ್ಣ ಅಲ್ಲಿ?" ಎಂದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದೆ.

ಕಾಫಿ ತಂದ ಶಾಂತಕ್ಕ, "ಈ ಕಡೆ ಬಂದು ಹೇಳಿ ತಮ್ಮಾ. ಆ ಕಿವಿ ಹೋಗಿ ಮೂರು ವರ್ಷ ಆಯ್ತಲ್ಲ. ಮಗಳಿಗೆ ಮಂಗನಬಾವು ಬಂತು, ಅವಳಿಂದ ಇವರಿಗೆ ಬಂತು. ಅವಳು ವಾರಕ್ಕೆ ಎದ್ದು ಓಡಾಡಿದ್ಲು. ಇವರ ಬಲಗಿವಿ ತಗೊಂಡೇ ಹೋಯ್ತು. ಬರೆದಿಲ್ವಾ ನಿಮಗೆ?" ಎಂದರು.

ಬರೆದಿರಲಿಲ್ಲ. ಮೂರು ವರ್ಷದಿಂದ ಬಂದ ಕಾರ್ಡುಗಳೆಲ್ಲದರಲ್ಲೂ ಕೊಳಲು ಬಲಗಡೆಯೇ ಇತ್ತು.

ನನ್ನ ಮುಖ ನೋಡಿ ರುದ್ರೇಶಣ್ಣ ನಕ್ಕರು. "ನೆನಪಿಂದ ಬರೀತಿದ್ದೆ ಕಣೋ. ಕೊಳಲು ಇದ್ದ ಜಾಗ ಬಿಟ್ಟು ಎಲ್ಲಿಗೆ ಹೋಗತ್ತೆ?"

"ಹೇಳ್ಬಹುದಿತ್ತಲ್ಲ ಅಣ್ಣ."

"ಹೇಳಿದ್ರೆ ನೀನು ಆರೋಗ್ಯ ಹೇಗಿದೆ, ಔಷಧಿ ಏನು ಅಂತ ಬರೀತಿದ್ದೆ. ಅದನ್ನ ಕೇಳೋಕೆ ಜನ ಇದಾರೆ ನಂಗೆ. ಕೊಳಲಿನ ಸುದ್ದಿ ಯಾರು ಬರೀತಾರೆ?"

ಕಾಫಿ ಕುಡಿದೆವು. ಆಮೇಲೆ ಅವರೇ, "ಸರಿ, ಯಾಕ್ ಬಂದೆ ಹೇಳು. ಸುಮ್ನೆ ಬರೋ ಪೈಕಿ ಅಲ್ಲ ನೀನು" ಎಂದರು. ಬೆಂಕಿಪೊಟ್ಟಣ ತೆಗೆದು ಕೈಗೆ ಕೊಟ್ಟೆ. ತೆರೆದು ನೋಡಿದ ಕೂಡಲೇ ಗುರುತು ಹಿಡಿದರು. ಅಂಗೈಯಲ್ಲಿ ಸ್ವಲ್ಪ ಹೊತ್ತು ತೂಗಿದರು.

"ಯಾವ ಕಡೇದು?"

"ಬಲಗಡೇದು."

"ನಂದೂ ಬಲಗಡೇದು ತಗೋ" ಎಂದು ಎದ್ದು ಸ್ಕ್ರೂಡ್ರೈವರ್ ಹುಡುಕತೊಡಗಿದರು.

ಬೇಡ ಎಂದೆ. ಎರಡು ಸಲ ಎಂದೆ. ಆ ಜೋಡಿಗಾಗಿಯೇ ಬೆಳಿಗ್ಗೆಯಿಂದ ಅಲೆದಿದ್ದೆ. ಈಗ ಅದು ಕೈಗೆ ಬರುವಾಗ, ಅದರ ಜೊತೆಗೆ ಇನ್ನೇನೋ ಕಳಚಿಕೊಂಡು ಬರುತ್ತದೆ ಅನ್ನಿಸಿತು. ನನ್ನದು ಕೆಟ್ಟ ಮೇಲೆ ಈ ಸುತ್ತಿನಲ್ಲಿ ಎರಡೂ ಕಡೆ ಹಾಡುವ ಸೆಟ್ಟು ನನಗೆ ಗೊತ್ತಿದ್ದದ್ದು ಇದೊಂದೇ.

"ಒಂದು ಕಿವಿಗೆ ಎರಡು ಸ್ಪೀಕರ್ ಯಾಕೆ ಮಾರಾಯ? ಎರಡೂ ಕಡೇದನ್ನ ಕೂಡಿಸಿ ಎಡಗಡೆಗೇ ಕೊಟ್ಕೊಂಡ್ರೆ ನಂಗೆ ಪಿಟೀಲೂ ಬರತ್ತೆ, ಕೊಳಲೂ ಬರತ್ತೆ. ಅದು ಅಲ್ಲಿ ಸುಮ್ನೆ ಬಿಸಿ ಆಗ್ತಾ ಕೂತಿದೆ."

"ಹಂಗಾದ್ರೆ ಬಿಚ್ಚೋಕೆ ಮುಂಚೆ ಒಂದ್ಸಲ ಹಾಕಿ ಅಣ್ಣ."

ಅವರು ಗೋಡೆಯ ಪಕ್ಕದಿಂದ ಕುರ್ಚಿ ಎತ್ತಿ ತಂದು, ಬಗ್ಗಿ ನೋಡಿ, ನಾಲ್ಕು ಕಾಲನ್ನೂ ನಾಲ್ಕು ಚುಕ್ಕೆಯ ಮೇಲೆ ಇಟ್ಟರು. ನನ್ನನ್ನು ಕೂರಿಸಿದರು. ಕ್ಯಾಸೆಟ್ ಹಾಕಿ ನನ್ನ ಹಿಂದೆ ನಿಂತರು.

ಎಂಟು ವಾರದ ಮೇಲೆ ಎರಡೂ ಕಡೆಯಿಂದ ಕೇಳಿದೆ. ಎಡಗಡೆ ಪಿಟೀಲು ಎತ್ತಿಕೊಂಡಿತು. ಗೋಡೆ ಇಲ್ಲವೆಂಬಂತೆ ಕೋಣೆ ಅಗಲವಾಯಿತು. ಆಮೇಲೆ ಬಲಗಡೆ ಕೊಳಲು ಬಂತು.

"ಬಂತಾ?" ಹಿಂದಿನಿಂದ ಅವರು ಕೇಳಿದರು.

"ಬಂತು."

"ಎಲ್ಲಿದೆ?"

"ಕಿಟಕಿಯ ಚೌಕಟ್ಟಿನಿಂದ ಆಚೆ."

"ಎಷ್ಟು ಆಚೆ?"

"ಒಂದು ಗೇಣು."

"ಹಾಂ" ಎಂದರು. "ಎತ್ತರ?"

"ಕೂತವರ ಬಾಯಿಯಷ್ಟು."

"ಅಲ್ಲೇ ಇತ್ತು. ಮೃದಂಗ?"

"ನಡುವೆ. ಸ್ವಲ್ಪ ಹಿಂದೆ. ಕಿಟಕಿಯ ಹೊರಗೆ ತುಳಸಿ ಕಟ್ಟೆ ಇದೆಯಲ್ಲ, ಅಲ್ಲಿ."

ಕ್ಯಾಸೆಟ್ಟಿನ ಆ ಮಗ್ಗುಲು ಮುಗಿಯುವವರೆಗೆ ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಶಾಂತಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ತಮಾಷೆ ಮಾಡಲಿಲ್ಲ.

ಆಮೇಲೆ ಅವರೇ ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಬಲಗಡೆಯ ಜೋಡಿಯನ್ನು ಬೆಸುಗೆ ಬಿಡಿಸಿ ತೆಗೆದರು. ಬೆಂಕಿಪೊಟ್ಟಣದಿಂದ ಸುಟ್ಟವನ್ನು ಹೊರಗೆ ಹಾಕಿ, ಒಳ್ಳೆಯವನ್ನು ಇಟ್ಟರು. ಸುಟ್ಟ ಎರಡನ್ನು ಬಿಸಾಡಲಿಲ್ಲ. ಒರೆಸಿ ಖಾಲಿಯಾದ ಜಾಗದಲ್ಲಿ ಕೂರಿಸಿ ಸ್ಕ್ರೂ ಬಿಗಿದರು, ತಂತಿ ಮಾತ್ರ ಕೊಡಲಿಲ್ಲ. "ತೂತು ಬಿಟ್ರೆ ಜಿರಲೆ ಸೇರ್ಕೊಳ್ತವೆ" ಎಂದರು. ಎರಡೂ ಕಡೆಯದನ್ನು ಕೂಡಿಸಿ ಎಡಗಡೆಗೆ ಕೊಟ್ಟು ಮುಚ್ಚಳ ಹಾಕಿದರು.

ರೈಲಿಗೆ ಹೊತ್ತಾಗಿತ್ತು. ಶಾಂತಕ್ಕ ಕಟ್ಟಿಕೊಟ್ಟ ಅಕ್ಕಿ ರೊಟ್ಟಿ ಚೀಲದಲ್ಲಿಟ್ಟುಕೊಂಡು ಹೊರಟೆ. ರುದ್ರೇಶಣ್ಣ ಗೇಟಿನ ತನಕ ಬಂದು, ಎಡಗಡೆ ನಿಲ್ಲಿಸಿಕೊಂಡು, "ಬರೀತಿರು" ಎಂದಷ್ಟೇ ಹೇಳಿದರು.

ಬೀದಿಯ ತಿರುವಿನಲ್ಲಿ ಅವರ ಸೆಟ್ಟು ಮತ್ತೆ ಶುರುವಾದದ್ದು ಕೇಳಿಸಿತು. ಅದೇ ಕ್ಯಾಸೆಟ್ಟು. ಪಿಟೀಲೂ ಕೊಳಲೂ ಒಂದೇ ಪೆಟ್ಟಿಗೆಯಿಂದ ಬರುತ್ತಿದ್ದವು. ಸೈಕಲ್ ಅಂಗಡಿಯವನು ಅದಕ್ಕೆ ತಕ್ಕಂತೆ ತಲೆದೂಗುತ್ತ ಪಂಕ್ಚರ್ ಹಾಕುತ್ತಿದ್ದ. ರಸ್ತೆಯಲ್ಲಿ ನಿಂತು ಕೇಳುವವರಿಗೆ ಒಂದೋ ಎರಡೋ ತಿಳಿಯುವಂತಿರಲಿಲ್ಲ. ತಿರುಗಿ ನೋಡಿದೆ. ಹಸಿರು ಗೇಟು ಮುಚ್ಚಿತ್ತು.

ಭಾನುವಾರ ಬೆಳಿಗ್ಗೆ ಜೋಡಿಯನ್ನು ಹಾಕಿ, ಮಧ್ಯಾಹ್ನ ಸ್ವಿಚ್ ಒತ್ತಿದೆ. ಸುಡಲಿಲ್ಲ. ಕುರ್ಚಿಯಲ್ಲಿ ಕೂತು ಎರಡೂ ಮಗ್ಗುಲು ಕೇಳಿದೆ. ಆಮೇಲೆ ಒಂದು ಕಾರ್ಡು ತೆಗೆದು, ಪ್ರಯಾಣದ ವಿಷಯ, ಖರ್ಚಿನ ವಿಷಯ ಏನನ್ನೂ ಬರೆಯದೆ, ಇಷ್ಟೇ ಬರೆದೆ: ರುದ್ರೇಶಣ್ಣ, ಇಲ್ಲಿ ಕೊಳಲು ಬಲಗಡೆ, ಗೋಡೆಯ ಕ್ಯಾಲೆಂಡರಿಗಿಂತ ಎರಡು ಬೆರಳು ಆಚೆ.